ಹೌದು–ಅಲ್ಲ ಎನ್ನುವ ಫಂಕ್ಷನ್ನಿಗೆ ಹೆಸರಿಡುವ ಬಗೆ

ಕೊಟ್ಟ ಮೌಲ್ಯವನ್ನು ನೋಡಿ ಟ್ರೂ ಅಥವಾ ಫಾಲ್ಸ್ ಎಂದಷ್ಟೇ ಉತ್ತರಿಸುವ ಫಂಕ್ಷನ್ನಿಗೆ ಪ್ರೆಡಿಕೇಟ್ ಎಂದು ಹೆಸರು. ಫಂಕ್ಷನ್ನುಗಳನ್ನೇ ಜೋಡಿಸಿ ಕೋಡ್ ಬರೆಯುವ ಫಂಕ್ಷನಲ್ ಪ್ರೋಗ್ರಾಮಿಂಗಿನಲ್ಲಿ ಇದನ್ನು, ಪಟ್ಟಿಯಿಂದ ಕೆಲವನ್ನು ಆಯ್ದುಕೊಡುವ ಫಿಲ್ಟರ್‌ನಂಥ ಮತ್ತೊಂದು ಫಂಕ್ಷನ್ನಿಗೆ ಹೆಸರಿನಿಂದಲೇ ಒಪ್ಪಿಸುವುದು ರೂಢಿ; ಒಳಗಿನ ಕೋಡ್ ಅಲ್ಲಿ ಕಾಣದಿರುವುದರಿಂದ ಹೆಸರು ಕೈಕೊಟ್ಟರೆ ಓದುವವನಿಗೆ ಬೇರೆ ಆಧಾರವಿಲ್ಲ.

ಶಿರಸಿಯ ಅಡಿಕೆ ದಲಾಲಿ ಅಂಗಡಿಯೊಂದರ ಲೆಕ್ಕಕ್ಕೆಂದು ಬರೆದ ಪ್ರೋಗ್ರಾಮಿನಲ್ಲಿ ನಾನು ‘ಚೆಕ್‌ತೇವ’ ಎಂಬ ಫಂಕ್ಷನ್ ಇಟ್ಟಿದ್ದೆ. ಅದನ್ನು ಫಿಲ್ಟರ್‌ಗೆ ಕೊಟ್ಟರೆ ತೇವ ಆರದ ಚಾಲಿಯ (ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದು) ಲಾಟುಗಳು ಪಟ್ಟಿಯಿಂದ ಹೋಗುತ್ತವೆಂದು ಭಾವಿಸಿದ್ದೆ. ಆದರೆ ತೇವ ಇದ್ದರೆ ನನ್ನ ಫಂಕ್ಷನ್ ಟ್ರೂ ಎನ್ನುತ್ತಿತ್ತು, ಫಿಲ್ಟರ್ ಟ್ರೂ ಬಂದದ್ದನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಉಳಿದವು ತೇವದ ಲಾಟುಗಳೇ. ಜರಡಿಯಲ್ಲಿ ಬೇಕಾದದ್ದು ಮೇಲುಳಿಯುವುದೋ ಕೆಳಗೆ ಬೀಳುವುದೋ ಎಂಬ ಗೊಂದಲ ಫಿಲ್ಟರ್ ಎಂಬ ಹೆಸರಿನಲ್ಲೂ ಇದೆ, ನಿಜ. ಆದರೂ ತಪ್ಪು ‘ಚೆಕ್’ನದು. ಅದು ಕೆಲಸವನ್ನು ಹೇಳುತ್ತದೆ, ಟ್ರೂ ಎಂದರೆ ಏನೆಂದು ಹೇಳುವುದಿಲ್ಲ.

ಹೆಸರು ಪ್ರಶ್ನೆಯಾಗಿರಲಿ. ಯಾವ ಪೂರ್ವಪದ ಬೇಕೆಂದು ತಿಳಿಯಲು ಕನ್ನಡದಲ್ಲೇ ಒಂದು ಉಪಾಯವಿದೆ: ಆ ಪ್ರಶ್ನೆಯನ್ನು ಬಾಯಲ್ಲಿ ಕೇಳಿ, ನಕಾರದ ಉತ್ತರವನ್ನು ಗಮನಿಸಿ. ‘ಇದು ಚಾಲಿಯೇ?’ ಎಂದರೆ ‘ಅಲ್ಲ’ ಎನ್ನುತ್ತೇವೆ, ಆಗ ‘ಈಸ್‌ಚಾಲಿ’. ‘ತೇವ ಇದೆಯೇ?’ ಎಂದರೆ ‘ಇಲ್ಲ’, ಆಗ ‘ಹ್ಯಾಸ್‌ತೇವ’. ‘ಮಾರಬಹುದೇ?’ ಎಂಬುದಕ್ಕೆ ‘ಮಾರಬಾರದು’ ಎಂದು ಬಂದರೆ ‘ಕ್ಯಾನ್’ ಸೇರಿಸಿ. ‘ಈಸ್‌ನಾಟ್‌ಚಾಲಿ’ಯಂಥ ನಿಷೇಧದ ಹೆಸರು ಬೇಡ, ಅದರ ಮುಂದೆ ಇನ್ನೊಂದು ‘ನಾಟ್’ ಬಂದ ದಿನ ತಲೆ ಕೆಡುತ್ತದೆ.

ಇನ್ನು ಒಂದೊಂದು ಪ್ರೋಗ್ರಾಮಿಂಗ್ ಭಾಷೆಯ ರೂಢಿ. ಸ್ಕೀಮ್, ಕ್ಲೋಜರ್‌ಗಳಲ್ಲಿ ಹೆಸರಿನ ಕೊನೆಗೆ ಪ್ರಶ್ನಚಿಹ್ನೆ ಬರುತ್ತದೆ, ನಮ್ಮ ಮಾತಿನ ಕೊನೆಗೆ ‘ಏ’ ಬರುವಂತೆ. ಕಾಮನ್ ಲಿಸ್ಪ್‌ನಲ್ಲಿ ‘ಝೀರೋಪಿ’, ‘ಈವನ್‌ಪಿ’ ಎಂದು ‘ಪಿ’ ಅಕ್ಷರ ಸೇರುತ್ತದೆ. ಹ್ಯಾಸ್ಕೆಲ್‌ನ ಹೆಸರುಗಳಲ್ಲಿ ಪ್ರಶ್ನಚಿಹ್ನೆಗೆ ಅವಕಾಶವಿಲ್ಲದ್ದರಿಂದ ‘ಈಸ್‌ಸ್ಪೇಸ್’ ಎನ್ನುತ್ತಾರೆ. ‘ಈವನ್’, ‘ನಲ್’ನಂಥ ಕೆಲವು ಬರಿಮೈಯಲ್ಲಿವೆ. ಎಲಿಕ್ಸಿರ್‌ನಲ್ಲಿ ಸಾಮಾನ್ಯವಾಗಿ ಪ್ರಶ್ನಚಿಹ್ನೆ, ಗಾರ್ಡ್‌ಗಳಲ್ಲಿ (ಕೋಡಿನ ಯಾವ ಕವಲು ನಡೆಯಬೇಕೆಂದು ತೀರ್ಮಾನಿಸುವ ಷರತ್ತುಗಳಲ್ಲಿ) ಬಳಸುವವಕ್ಕೆ ಮುಂದೆ ‘ಈಸ್’.

ಟ್ರೂ–ಫಾಲ್ಸ್ ಬಿಟ್ಟು ಬೇರೇನನ್ನಾದರೂ ಹಿಂತಿರುಗಿಸುವ ಫಂಕ್ಷನ್ನಿಗೆ ಈ ಚಿಹ್ನೆ ಹಚ್ಚಬೇಡಿ. ಕ್ಲೋಜರ್‌ನ ‘ಎವೆರಿ’ಗೆ ಪ್ರಶ್ನಚಿಹ್ನೆ ಇದ್ದು ‘ಸಮ್’ಗೆ ಇಲ್ಲದಿರುವುದು ಮರೆವಿನಿಂದಲ್ಲ: ‘ಸಮ್’ ತನಗೆ ಸಿಕ್ಕ ಮೊದಲ ಸತ್ಯಸಮಾನ (ಟ್ರೂ ಎಂದೇ ಎಣಿಸುವ) ಫಲಿತವನ್ನೇ ಕೊಡುತ್ತದೆ. ಸ್ಕೀಮ್‌ನ ‘ಮೆಂಬರ್’ ಕೂಡ ವಸ್ತು ಸಿಕ್ಕಲ್ಲಿಂದ ಮುಂದಿನ ಪಟ್ಟಿಯನ್ನು ಕೊಡುತ್ತದೆ. ನನ್ನ ಪ್ರೋಗ್ರಾಮಿನಲ್ಲೂ ರಾಶಿ ಎಂಬ ಬಗೆಯ ಅಡಿಕೆಯ ಮೊದಲ ಲಾಟನ್ನು ಹುಡುಕಿ ಕೊಡುವ ಫಂಕ್ಷನ್ನಿಗೆ ಈಗ ‘ಫೈಂಡ್‌ರಾಶಿ’ ಎಂದೇ ಹೆಸರು.