ರಾಜೀನಾಮೆಗೆ ಸಹಿ ಹಾಕುವ ಮುಂಚೆ ಇಎಸ್‌ಐ ದುಡ್ಡಿನ ಲೆಕ್ಕ ನೋಡಿ

ಹೋದ ಶನಿವಾರ ಸಂಜೆ ಪಕ್ಕದ ಬೀದಿಯ ಹುಡುಗಿ ಒಂದು ಹಾಳೆ ಹಿಡಿದು ಮನೆಗೆ ಬಂದಳು. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಅವಳದು. "ಅಕ್ಕಾ, ಆರ್ಡರ್ ಕಮ್ಮಿ ಅಂತ ನಮ್ಮನ್ನ ತೆಗೀತಿದ್ದಾರೆ. ಇದಕ್ಕೆ ಸೈನ್ ಹಾಕಿದ್ರೆ ಸೆಟ್ಲ್‌ಮೆಂಟ್ ಬೇಗ ಆಗುತ್ತಂತೆ" ಅಂದಳು. ಹಾಳೆ ಮೊದಲೇ ಟೈಪ್ ಆಗಿತ್ತು. ಹೆಸರು, ಟೋಕನ್ ನಂಬರ್, ತಾರೀಖಿಗೆ ಮಾತ್ರ ಜಾಗ ಬಿಟ್ಟಿದ್ದರು. ನಡುವೆ ಒಂದೇ ಸಾಲು: "ನನ್ನ ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ." ಸದ್ಯ, ಅವಳಿನ್ನೂ ಸಹಿ ಹಾಕಿರಲಿಲ್ಲ.

ಆ ಒಂದು ಸಾಲಿಗೆ ಅವಳ ಮಟ್ಟಿಗೆ 21,600 ರೂಪಾಯಿ ಬೆಲೆ.

ಇಎಸ್‌ಐ, ಅಂದರೆ ನೌಕರರ ವಿಮೆ, ಅಂದ ಕೂಡಲೇ ನಮಗೆಲ್ಲ ಡಿಸ್ಪೆನ್ಸರಿ, ಮಾತ್ರೆ ಅಷ್ಟೇ ನೆನಪಿಗೆ ಬರೋದು. ಕೆಲಸ ಹೋದವರಿಗೂ ಅದರಲ್ಲಿ ದುಡ್ಡಿದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಹೆಸರು, 2018ರ ಜುಲೈ 1ರಿಂದ ಶುರುವಾಗಿದ್ದು. ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಹೆಚ್ಚೆಂದರೆ 90 ದಿನ ಕೊಡುತ್ತಾರೆ. ಜೀವಮಾನದಲ್ಲಿ ಒಂದೇ ಸಲ. ಅವಳ ಸಂಬಳ 14,600. ಎರಡು ವರ್ಷದ ಸಂಬಳ ಕೂಡಿಸಿ 730 ದಿನಕ್ಕೆ ಭಾಗಿಸಿದರೆ ದಿನಕ್ಕೆ 480 ಬರುತ್ತದೆ. ಅದರಲ್ಲಿ ಅರ್ಧ 240. ತೊಂಬತ್ತು ದಿನಕ್ಕೆ 21,600. ಮೂರು ತಿಂಗಳ ಮನೆ ಬಾಡಿಗೆ, ರೇಷನ್ನು ಅದರಲ್ಲೇ ನಡೆಯುತ್ತದೆ, ಅಲ್ವಾ?

ಇದು ಸಿಗಬೇಕಾದರೆ ಕನಿಷ್ಠ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನಕ್ಕೆ ವಂತಿಗೆ ಕಟ್ಟಿರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ. ಪೇ ಸ್ಲಿಪ್ ತೆಗೆದು ನೋಡಿ. 14,600 ಸಂಬಳಕ್ಕೆ ಇಎಸ್‌ಐ ಅಂತ 110 ರೂಪಾಯಿ ಹಿಡಿದಿರುತ್ತಾರೆ. ಹಿಡಿದ ದುಡ್ಡನ್ನು ಕಟ್ಟಿದ್ದಾರಾ ಅನ್ನೋದು ನಿಮ್ಮ ಐಪಿ ನಂಬರ್ (ಇಎಸ್‌ಐ ಕಾರ್ಡಿನ ನಂಬರ್) ಹಾಕಿದರೆ ಇಎಸ್‌ಐ ಪೋರ್ಟಲ್‌ನಲ್ಲಿ ಕಾಣುತ್ತದೆ.

ಈಗ ಮುಖ್ಯ ವಿಷಯ. ತಾನಾಗಿ ಕೆಲಸ ಬಿಟ್ಟವರಿಗೆ ಈ ದುಡ್ಡಿಲ್ಲ. ಸ್ವಯಂ ನಿವೃತ್ತಿ ತಗೊಂಡವರಿಗೂ, ಶಿಸ್ತುಕ್ರಮದಲ್ಲಿ ವಜಾ ಆದವರಿಗೂ ಇಲ್ಲ. ನಾಳೆಯಿಂದ ಹೋಗಲ್ಲ ಅಂತ ಸುಮ್ನೆ ಮನೆಯಲ್ಲಿ ಕೂತರೆ ಅದೂ ತಾನಾಗಿ ಬಿಟ್ಟ ಹಾಗೇ. ಸೂಪರ್‌ವೈಸರ್ ಬಾಯಿಮಾತಲ್ಲಿ "ಬರಬೇಡ" ಅಂದಿದ್ದಕ್ಕೆ ಎಷ್ಟೋ ಜನ ಹೋಗೋದೇ ನಿಲ್ಲಿಸುತ್ತಾರೆ. ಕಂಪನಿಯವರು ಆನ್‌ಲೈನ್‌ನಲ್ಲಿ 'ಲೆಫ್ಟ್ ಸರ್ವಿಸ್' (ಕೆಲಸ ಬಿಟ್ಟಿದ್ದಾರೆ) ಅಂತ ಹಾಕಿಬಿಟ್ಟರೆ ಆಮೇಲೆ ಅದನ್ನು ಸುಳ್ಳು ಅಂತ ತೋರಿಸುವ ಕಷ್ಟ ನಮ್ಮದೇ.

ಹಾಗಾಗಿ ಕಂಪನಿಯೇ ತೆಗೆಯುತ್ತಿದ್ದರೆ ರಾಜೀನಾಮೆ ಬರೆಯಬೇಡಿ. ತೆಗೆದಿದ್ದೇವೆ ಅಂತ ಅವರ ಲೆಟರ್‌ಹೆಡ್‌ನಲ್ಲೇ ಕೇಳಿ. ಕೊಡದಿದ್ದರೆ, "ಇಂಥ ದಿನ ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ" ಅಂತ ನೀವೇ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದರದೇ ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಗೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಆ ಹುಡುಗಿಗೂ ಇದನ್ನೇ ಹೇಳಿದೆ. ಟೈಪ್ ಮಾಡಿದ ಹಾಳೆಯ ಫೋಟೊ ತೆಗೆದಿಟ್ಟುಕೊಂಡು, ಸಹಿ ಹಾಕದೆ ವಾಪಸ್ ಕೊಟ್ಟಳು.

ಕೆಲಸ ಹೋಗಿ 30 ದಿನ ಆದ ಮೇಲೆ ಕ್ಲೇಮ್ ಹಾಕಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಬೇಕು. ಈ ಯೋಜನೆಯನ್ನು ಸರ್ಕಾರ ಆಗಾಗ ಮುಂದುವರಿಸುತ್ತಾ ಬಂದಿದೆ, ಅದಕ್ಕೇ ಸದ್ಯ ಜಾರಿಯಲ್ಲಿದೆಯಾ ಅಂತ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಮೊದಲು ಕೇಳಿಕೊಳ್ಳಿ.

ನಿಜವಾಗಿ ತಾವೇ ಬಿಡುವವರೂ ಇರುತ್ತಾರೆ. ನಾನೇ ಹಿರೇಹಳ್ಳಿಯಲ್ಲಿ ಆರು ವರ್ಷ ದುಡಿದು 2023ರ ನವೆಂಬರ್‌ನಲ್ಲಿ ಬಿಟ್ಟೆ. ಅಮ್ಮನಿಗೆ ಲಕ್ವ ಹೊಡೆದಿತ್ತು, ನೋಡಿಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ. ನಿರುದ್ಯೋಗದ ದುಡ್ಡು ನನಗೆ ಬರಲಿಲ್ಲ, ಬರುವಂಥದ್ದೂ ಅಲ್ಲ. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 78 ದಿನಕ್ಕಿಂತ ಜಾಸ್ತಿ ಕಟ್ಟಿದ್ದರಿಂದ 2024ರ ಜೂನ್ ಕೊನೆಯವರೆಗೂ ಇಎಸ್‌ಐ ಕಾರ್ಡು ನಡೆಯಿತು. ಕೆಲಸ ಬಿಟ್ಟು ಏಳು ತಿಂಗಳು ಅಮ್ಮನ ಬಿಪಿ ಮಾತ್ರೆ ಅಲ್ಲೇ ತಂದೆ. ಎಷ್ಟು ಜನ ಕೆಲಸ ಬಿಟ್ಟ ದಿನವೇ ಕಾರ್ಡನ್ನು ಮೂಲೆಗೆ ಹಾಕುತ್ತಾರೋ! ದಯವಿಟ್ಟು ಹಾಗೆ ಮಾಡಬೇಡಿ.

ಗ್ರಾಚ್ಯುಟಿಯೂ ಬಂತು. ಐದು ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟವರಿಗೂ ಅದು ಹಕ್ಕು. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ಇದ್ದರೆ 15ರಿಂದ ಗುಣಿಸಿ 26ರಿಂದ ಭಾಗಿಸಿ: ವರ್ಷಕ್ಕೆ 7,500. ಆರು ವರ್ಷಕ್ಕೆ 45,000. ನಾಲ್ಕೂವರೆ ವರ್ಷ ಆಗಿದ್ದು ಬಿಡಬೇಕು ಅನ್ನಿಸಿದರೆ, ಸಾಧ್ಯವಾದರೆ ಆರು ತಿಂಗಳು ತಡೆಯಿರಿ.

ಯುವನಿಧಿ ಬಗ್ಗೆಯೂ ಕೇಳುತ್ತಾರೆ. ಅದು ಡಿಗ್ರಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಮಕ್ಕಳಿಗೆ. ಇರುವ ಕೆಲಸ ಬಿಟ್ಟವರಿಗಲ್ಲ.

ಪಿಎಫ್ ನಿಮ್ಮದೇ ದುಡ್ಡು. ನೀವೇ ಬಿಟ್ಟರೂ ಅವರೇ ತೆಗೆದರೂ ಅದು ಎಲ್ಲೂ ಹೋಗಲ್ಲ. ಕೆಲಸ ಬಿಟ್ಟ ತಾರೀಖನ್ನು ಕಂಪನಿ ಹಾಕಿದೆಯಾ ಅಂತ ಮಾತ್ರ ಯುಎಎನ್‌ನಲ್ಲಿ (ನಿಮ್ಮ ಪಿಎಫ್ ನಂಬರ್ ಹಾಕಿ ಆನ್‌ಲೈನ್‌ನಲ್ಲಿ) ನೋಡಿ. ಹಾಕದಿದ್ದರೆ ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್ ಓಟಿಪಿ ಕೊಟ್ಟು ನೀವೇ ಹಾಕಿಕೊಳ್ಳಬಹುದು. ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ.