ಪೇಜ್ ಲಾಕ್ ಆದರೆ ಯಾರನ್ನು ಹಿಡಿಯಬೇಕು?

ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ಸೆಂಟರ್. ಜೆರಾಕ್ಸ್, ಪಹಣಿ, ಅರ್ಜಿಗಳ ನಡುವೆ ಈಗೀಗ ಇದೂ ಬರುತ್ತದೆ: "ಫೇಸ್‌ಬುಕ್ ಪೇಜ್ ಲಾಕ್ ಆಗಿದೆ, ಬಿಡಿಸಿಕೊಡಿ." ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಅಕ್ಕ ಒಬ್ಬರು ಕೇಳಿದ್ದರು, "ಅಷ್ಟು ದೊಡ್ಡ ಕಂಪನಿ, ಮಾತಾಡೋಕೆ ಒಬ್ರೂ ಇಲ್ವಾ ತಮ್ಮಾ?"

ಇದ್ದಾರೆ ಅಕ್ಕ, ದುಡ್ಡು ಕೊಟ್ಟವರಿಗೆ. ಫೇಸ್‌ಬುಕ್ ನಡೆಸುವ ಕಂಪನಿ ಮೆಟಾ 2023ರ ಜೂನ್‌ನಲ್ಲಿ 'ವೆರಿಫೈಡ್' ಚಂದಾ ಇಲ್ಲಿಗೆ ತಂದಾಗ ಮೊಬೈಲಿನಲ್ಲಿ ತಿಂಗಳಿಗೆ 699 ರೂಪಾಯಿ. ನೀಲಿ ಗುರುತಿನ ಜೊತೆ ಸಿಬ್ಬಂದಿಯ ನೆರವೂ ಅದರಲ್ಲಿ ಸೇರಿತ್ತು. ಪುಕ್ಕಟೆ ಬಳಸುವ ಕೋಟಿಗಟ್ಟಲೆ ಜನರಿಗೆ ಮೆಷಿನ್ನೇ ಉತ್ತರ ಕೊಟ್ಟರೆ ಖರ್ಚು ಉಳಿಯುತ್ತದೆ, ಅಷ್ಟೇ ಲೆಕ್ಕ. ಹಾಗಾಗಿ ಅವರ ದಾಕ್ಷಿಣ್ಯಕ್ಕೆ ಕಾಯದೆ ನಿಯಮ ಹಿಡಿಯಿರಿ.

ಮೊದಲು ಆ್ಯಪ್‌ನಲ್ಲೇ ಅಪೀಲು ಹಾಕಿ. ಬಂದ ನೋಟಿಸಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಗೂಗಲ್‌ನಲ್ಲಿ ಸಿಗುವ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಲೇಬೇಡಿ. ಒಟಿಪಿ ಕೇಳಿದರೆ ಅವನು ಕಳ್ಳನೇ.

ಅದಕ್ಕೂ ಬಗ್ಗದಿದ್ದರೆ ಕಂಪನಿಯ ಗ್ರೀವೆನ್ಸ್ ಆಫೀಸರ್, ಅಂದರೆ ದೂರು ಕೇಳುವ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ, 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಸೋಷಿಯಲ್ ಮೀಡಿಯಾ ಕಂಪನಿ ಭಾರತದಲ್ಲೇ ವಾಸಿಸುವ ಒಬ್ಬರನ್ನು ಈ ಕೆಲಸಕ್ಕೆ ನೇಮಿಸಬೇಕು. ಹೆಸರು, ವಿಳಾಸ ಅವರ ವೆಬ್‌ಸೈಟಿನಲ್ಲೇ ಇರಬೇಕು. ಹುಡುಕಲು ತುಸು ತಾಳ್ಮೆ ಬೇಕು, ಎದ್ದು ಕಾಣುವ ಜಾಗದಲ್ಲಿ ಯಾರೂ ಹಾಕುವುದಿಲ್ಲ.

ಪತ್ರ ಬರೆಯುವುದರಲ್ಲೇ ಅರ್ಧ ಕೆಲಸ. "ನಾನು ಬಡವಿ, ಇದೇ ಜೀವನ" ಎಂದು ಅಕ್ಕ ಹೇಳಿ ಬರೆಸಿದ್ದನ್ನೆಲ್ಲ ನಾನು ತೆಗೆದೆ. ಸಂಕಟ ನಿಜ, ಆದರೆ ಓದುವವರು ನೋಡುವುದು ಬೇರೆಯದನ್ನು. ಪೇಜಿನ ಲಿಂಕ್, ನೋಂದಾಯಿತ ಮೊಬೈಲ್ ನಂಬರ್, ಲಾಕ್ ಆದ ತಾರೀಖು, ಅಪೀಲಿನ ನಂಬರ್, ಸ್ಕ್ರೀನ್‌ಶಾಟ್ ಹಾಕಿ. ಆಮೇಲೆ ಒಂದೇ ಪ್ರಶ್ನೆ: ಯಾವ ಪೋಸ್ಟ್, ನಿಮ್ಮ ಯಾವ ನಿಯಮವನ್ನು ಮುರಿದಿದೆ? ಇದಕ್ಕೆ ಸಿದ್ಧ ಉತ್ತರ ಅಂಟಿಸಿ ಕಳಿಸುವುದು ಕಷ್ಟ. ಇಂಗ್ಲಿಷಿನಲ್ಲಿದ್ದರೆ ಬೇಗ ಓದುತ್ತಾರೆ ಅನ್ನುವುದು ನನ್ನ ಅಂದಾಜು.

ದೂರು ತಲುಪಿದೆ ಎಂದು 24 ಗಂಟೆಯೊಳಗೆ ಅವರು ತಿಳಿಸಬೇಕು. ಆ ಮೇಲ್ ಅಳಿಸಬೇಡಿ. ಉತ್ತರ ಸಮಾಧಾನ ತರದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಲ್ಲಿ ಇಂಥ ಮೂರು ಸಮಿತಿಗಳು ಆದವು. ಎಲ್ಲ ಆನ್‌ಲೈನ್, ದೆಹಲಿಗೆ ಅಲೆಯಬೇಕಿಲ್ಲ. ಸಮಿತಿಯ ವೆಬ್‌ಸೈಟ್ gac.gov.in ತೆರೆದು, ಕಂಪನಿಗೆ ಬರೆದ ಪತ್ರವನ್ನೂ ಅವರ ಉತ್ತರವನ್ನೂ ಲಗತ್ತಿಸಿ.