ಗೇಮಿಂಗ್ ಕಂಪ್ಯೂಟರ್: ಯಾವುದಕ್ಕೆ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು?

ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರು ಮೊದಲು ಕೇಳುವುದು, 'ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?' ಎಂದು. ನಾನು ತಿರುಗಿ ಕೇಳುವುದು, 'ನಿಮ್ಮ ಮಾನಿಟರ್ ಯಾವುದು?' ಎಂದು.

1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ ಸುಮಾರು 37 ಲಕ್ಷ. 4ಕೆ ಪರದೆಯಲ್ಲಿ 83 ಲಕ್ಷದ ಹತ್ತಿರ. ಒಂದೊಂದು ಫ್ರೇಮ್‌ಗೂ (ಪರದೆಯ ಮೇಲೆ ಬರುವ ಒಂದೊಂದು ಚಿತ್ರಕ್ಕೂ) ಇಷ್ಟನ್ನೂ ಹೊಸದಾಗಿ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್‌ನ ಕೆಲಸ. ಮಾನಿಟರ್ 60 ಹರ್ಟ್ಸ್‌ನದ್ದಾಗಿದ್ದರೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದಾಗಿದ್ದರೆ, ಕಾರ್ಡ್ ಸೆಕೆಂಡಿಗೆ 150 ಫ್ರೇಮ್ ಕೊಟ್ಟರೂ ಕಣ್ಣಿಗೆ ಕಾಣುವುದು 60 ಮಾತ್ರ. ಹಾಗಾಗಿ ಮೊದಲ ಹೆಜ್ಜೆ ಪರದೆಯನ್ನು ತೀರ್ಮಾನಿಸುವುದು. ದುಡ್ಡು ಕಡಿಮೆ ಇದ್ದರೆ 1080ಪಿ, ಸ್ವಲ್ಪ ಕೈಬಿಚ್ಚಿ ಖರ್ಚು ಮಾಡಬಹುದಾದರೆ 1440ಪಿ. ಕಡಿಮೆ ಬಜೆಟ್‌ನಲ್ಲಿ 4ಕೆ ಆಸೆ ಬೇಡ.

ಎರಡನೇ ಹೆಜ್ಜೆಗೆ ಒಂದು ಹಾಳೆ ಸಾಕು. ಅದರಲ್ಲಿ ಎರಡು ಪಟ್ಟಿ ಮಾಡಿ: ಹತ್ತು ವರ್ಷ ಉಳಿಯಬೇಕಾದ ಭಾಗಗಳು, ನಡುವೆ ಬದಲಾಯಿಸುವ ಭಾಗಗಳು. ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಡಬ್ಬಿ), ಕ್ಯಾಬಿನೆಟ್, ಕೂಲರ್ ಮೊದಲನೆಯ ಪಟ್ಟಿಗೆ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡನೆಯದಕ್ಕೆ. ಮದರ್‌ಬೋರ್ಡ್ ಇವೆರಡರ ನಡುವೆ ನಿಲ್ಲುತ್ತದೆ. ಕೈ ಬಿಗಿ ಹಿಡಿಯಬೇಕಾಗಿ ಬಂದರೆ ಎರಡನೇ ಪಟ್ಟಿಯಲ್ಲಿ ಹಿಡಿಯಿರಿ. ಮೂರು ವರ್ಷ ಬಿಟ್ಟು ಕಾರ್ಡ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಎಸ್‌ಎಂಪಿಎಸ್ ಕೆಟ್ಟರೆ ಪಕ್ಕದವರನ್ನೂ ಕರೆದುಕೊಂಡು ಹೋಗಬಹುದು.

ಇದನ್ನು ನಾನು ಅನುಭವಿಸಿಯೇ ಕಲಿತೆ. ನನ್ನ ಮೊದಲ ಕಂಪ್ಯೂಟರ್‌ಗೆ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ಸನ್ನೇ ಹಾಕಿದ್ದೆ. ಮೇಲೆ 500 ವ್ಯಾಟ್ ಅಂತ ಬರೆದಿತ್ತು, ನಂಬಿದೆ. ಎರಡನೇ ವರ್ಷ ಆಟದ ಮಧ್ಯೆ ಪರದೆ ಆರಿಹೋಯಿತು, ಸುಟ್ಟ ವಾಸನೆ ಬಂತು. ಮದರ್‌ಬೋರ್ಡ್ ಕೂಡ ಹೋಗಿತ್ತು. ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕಳೆದುಕೊಂಡೆ.

ಎಸ್‌ಎಂಪಿಎಸ್: ಇಲ್ಲಿ ಚೌಕಾಸಿ ಬೇಡ

ಲೆಕ್ಕ ಸುಲಭ. ಕಾರ್ಡ್ 200 ವ್ಯಾಟ್, ಪ್ರೊಸೆಸರ್ 90, ಉಳಿದದ್ದಕ್ಕೆಲ್ಲ 60 ಅಂತ ಇಟ್ಟುಕೊಂಡರೆ 350 ಆಯಿತು. ಆದರೆ ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರ ತಮ್ಮ ಅಳತೆ ಮೀರಿ ವಿದ್ಯುತ್ ಎಳೆಯುತ್ತವೆ. ಆ ಎಳೆತವನ್ನು ತಡೆದುಕೊಳ್ಳಲು ಜಾಗ ಬೇಕು. ಇಂಥ ಜೋಡಣೆಗೆ 550ರಿಂದ 650 ವ್ಯಾಟ್ ಸರಿ. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ ಈಗಲೇ 750 ತಗೊಳ್ಳಿ.

ಡಬ್ಬಿಯ ಮೇಲಿನ '80 ಪ್ಲಸ್' ಗುರುತಿನ ಬಗ್ಗೆ ತುಂಬ ಜನ ತಪ್ಪು ತಿಳಿದಿದ್ದಾರೆ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಒಳಗಿನ ಭಾಗಗಳಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಎಂದಷ್ಟೇ ಅದು ಹೇಳುತ್ತದೆ. ಈ ಗುರುತಿನಲ್ಲಿ ಬ್ರಾಂಜ್, ಗೋಲ್ಡ್ ಮೊದಲಾದ ದರ್ಜೆಗಳಿವೆ. ಅರ್ಧ ಭಾರದಲ್ಲಿ ಒಳಗೆ ತಲುಪಬೇಕಾದ್ದು ಬ್ರಾಂಜ್‌ಗೆ ಕನಿಷ್ಠ ಶೇ 85, ಗೋಲ್ಡ್‌ಗೆ ಶೇ 90. ಶಾರ್ಟ್ ಆದಾಗ ಎಸ್‌ಎಂಪಿಎಸ್ ತಾನಾಗಿ ಆಫ್ ಆಗುತ್ತದೆಯೇ, ಒಳಗಿನ ಕೆಪಾಸಿಟರ್‌ಗಳು ಒಳ್ಳೆಯವೇ ಎಂಬುದು ಆ ಗುರುತಿನಲ್ಲಿ ಇರುವುದಿಲ್ಲ. ಅದಕ್ಕೆ ವಾರಂಟಿ ನೋಡಿ. 7 ಅಥವಾ 10 ವರ್ಷ ವಾರಂಟಿ ಕೊಡುವ ಕಂಪನಿ ತನ್ನ ಮಾಲಿನ ಮೇಲೆ ಭರವಸೆ ಇಟ್ಟಿದೆ ಎಂದರ್ಥ. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ವ್ಯಾಟ್ ಓದಿ. ಅದು ಒಟ್ಟು ವ್ಯಾಟ್‌ಗೆ ಹತ್ತಿರ ಇರಬೇಕು. ತುಂಬ ಕಡಿಮೆ ಇದ್ದರೆ ಅದು ಹಳೇ ಕಾಲದ ವಿನ್ಯಾಸ, ಬಿಟ್ಟುಬಿಡಿ.

ಇನ್ನೊಂದು ಮಾತು. ಕೇಬಲ್ ಕಳಚಬಹುದಾದ ಎಸ್‌ಎಂಪಿಎಸ್ ಇದ್ದರೆ, ಒಂದರ ಕೇಬಲನ್ನು ಇನ್ನೊಂದಕ್ಕೆ ಹಾಕಲೇಬೇಡಿ. ಪ್ಲಗ್ ಸರಿಯಾಗಿ ಕೂತರೂ, ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಸ್ವಿಚ್ ಹಾಕಿದ ಕೂಡಲೇ ಡ್ರೈವ್ ಸುಟ್ಟುಹೋಗಬಹುದು.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡನ್ನೂ ಒಟ್ಟಿಗೇ ಆರಿಸಬೇಕು, ಯಾಕೆಂದರೆ ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದಬೇಕು. ಬಾಳಿಕೆಯ ಗುಟ್ಟೂ ಸಾಕೆಟ್‌ನಲ್ಲೇ ಇದೆ. ಎಎಂಡಿಯ ಎಎಂ4 ಸಾಕೆಟ್ ನೋಡಿ. ಮೊದಲ ರೈಜನ್ ಪ್ರೊಸೆಸರ್‌ಗಳು ಅದಕ್ಕೆ ಬಂದದ್ದು 2017ರಲ್ಲಿ. ಅದೇ ಸಾಕೆಟ್‌ಗೆ 2022ರಲ್ಲಿ ರೈಜನ್ 7 5800ಎಕ್ಸ್3ಡಿ ಬಂತು. ಹಳೇ ಬೋರ್ಡ್ ಇಟ್ಟುಕೊಂಡಿದ್ದ ಎಷ್ಟೋ ಜನ ಬಯೋಸ್ (ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ, ಪ್ರೊಸೆಸರ್ ಮಾತ್ರ ಬದಲಿಸಿ, ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಆಡಿದರು. ಹೀಗೆ ಮುಂದೆ ದಾರಿ ಇರುವ ಸಾಕೆಟ್ ಆರಿಸುವುದೇ ಜಾಣತನ.

2022ರಲ್ಲಿ ಬಂದ ಎಎಂ5ಗೆ 2027 ದಾಟಿಯೂ ಬೆಂಬಲ ಇರುತ್ತದೆ ಎಂದು ಎಎಂಡಿ 2024ರಲ್ಲಿ ಹೇಳಿದೆ. ಇದು ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ತೆಗೆದುಕೊಳ್ಳುತ್ತದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ಗೆ 12, 13, 14ನೇ ತಲೆಮಾರಿನ ಚಿಪ್‌ಗಳು ಬಂದವು, ಆ ದಾರಿ ಬಹುಮಟ್ಟಿಗೆ ಮುಗಿದಿದೆ. ಎಎಂ4 ಕೂಡ ಹಾಗೆಯೇ. ಆದರೆ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ನಿಮ್ಮ ಹತ್ತಿರ ಈಗಾಗಲೇ ಇದ್ದು, ಬಜೆಟ್ ತೀರಾ ಬಿಗಿ ಇದ್ದರೆ ಎಎಂ4 ಇವತ್ತಿಗೂ ಕೆಟ್ಟ ಆಯ್ಕೆಯಲ್ಲ. ಡಿಡಿಆರ್4 ಮತ್ತು 5ರ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಗೂಡಿಗೆ ಇನ್ನೊಂದು ಕೂರುವುದಿಲ್ಲ. ಇದು ನೆನಪಿರಲಿ.

ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಎಷ್ಟು ಬೇಕು? 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ 8 ಕೋರ್‌ಗಳಿವೆ. ದೊಡ್ಡ ಆಟಗಳನ್ನು ಕಟ್ಟುವವರು ಆ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆದರೂ ಹೊಸ ತಲೆಮಾರಿನ 6 ಕೋರ್‌ಗಳು ಆ 8 ಕೋರ್‌ಗಳಿಗಿಂತ ಚುರುಕು. ಈಗ ಒಳ್ಳೆಯ 6 ಕೋರ್ ತಗೊಳ್ಳಿ. ನಾಲ್ಕು ವರ್ಷದ ನಂತರ ಅದೇ ಸಾಕೆಟ್‌ನ ಎಕ್ಸ್3ಡಿ ಚಿಪ್ ಬೆಲೆ ಇಳಿದಾಗ ಬದಲಿಸಿ. ಅದರಲ್ಲಿರುವ ಹೆಚ್ಚಿನ ಕ್ಯಾಶ್ ಮೆಮೊರಿ ಆಟಗಳಿಗೇ ವಿಶೇಷವಾಗಿ ಉಪಯೋಗ.

ಬೋರ್ಡ್‌ನಲ್ಲಿ ಮಿನುಗುವ ದೀಪಗಳಿಗೆ ದುಡ್ಡು ಹಾಕಬೇಡಿ. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗದ ಮೇಲೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಇದೆಯೇ, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಜಾಗ ಇವೆಯೇ, ಪ್ರೊಸೆಸರ್ ಇಲ್ಲದೆಯೂ ಬಯೋಸ್ ಅಪ್‌ಡೇಟ್ ಮಾಡುವ ಬಟನ್ ಇದೆಯೇ, ಇಷ್ಟು ನೋಡಿ. ಮತ್ತೆ, ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇರುವ ಚಿಪ್‌ಗಳಲ್ಲಿ ಒಳ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಕೆಟ್ಟ ದಿನ ಪರದೆಯಲ್ಲಿ ಏನೂ ಬರುವುದಿಲ್ಲ, ತೊಂದರೆ ಎಲ್ಲಿದೆ ಅಂತ ಹುಡುಕುವುದೂ ಕಷ್ಟ. ಸ್ವಲ್ಪ ಜಾಸ್ತಿ ಕೊಟ್ಟರೂ ಒಳ ಗ್ರಾಫಿಕ್ಸ್ ಇರುವುದನ್ನೇ ನಾನು ಆರಿಸುತ್ತೇನೆ.

ಗ್ರಾಫಿಕ್ಸ್ ಕಾರ್ಡ್: ಮೆಮೊರಿ ನೋಡಿ

ಒಟ್ಟು ಬಜೆಟ್‌ನ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಎಲ್ಲರೂ ವೇಗ ನೋಡುತ್ತಾರೆ, ಆದರೆ ಬಾಳಿಕೆಯನ್ನು ಬಹಳ ಸಲ ನಿರ್ಧರಿಸುವುದು ಕಾರ್ಡ್‌ನ ಮೆಮೊರಿ. ಎನ್‌ವಿಡಿಯಾ 2023ರಲ್ಲಿ ಆರ್‌ಟಿಎಕ್ಸ್ 4060 ಟಿಐ ಕಾರ್ಡನ್ನು 8 ಜಿಬಿ ಮತ್ತು 16 ಜಿಬಿ ಎರಡರಲ್ಲೂ ತಂದಿತು. ಚಿಪ್ ಅದೇ. ಹಗುರ ಆಟಗಳಲ್ಲಿ ಎರಡೂ ಒಂದೇ ಥರ ಓಡುತ್ತವೆ. ಮೆಮೊರಿ ಜಾಸ್ತಿ ತಿನ್ನುವ ಆಟಗಳಲ್ಲಿ 8 ಜಿಬಿ ತುಂಬಿಹೋದರೆ, ಕಾರ್ಡ್ ಪ್ರತಿ ಸಲ ಕಂಪ್ಯೂಟರ್‌ನ ರ‍್ಯಾಮ್‌ಗೆ ಓಡಬೇಕು. ಆ ದಾರಿ ನಿಧಾನ. ಆಟ ತಡವರಿಸುತ್ತದೆ, ಗೋಡೆ, ನೆಲ, ಬಟ್ಟೆಗಳ ಚಿತ್ರ ಮಸುಕಾಗುತ್ತದೆ. ವೇಗ ಸಾಲದಿದ್ದರೆ ಸೆಟ್ಟಿಂಗ್ ಇಳಿಸಬಹುದು, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಕಡಿಮೆ ಚುಕ್ಕಿಗಳಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸುವ ತಂತ್ರಗಳು) ಹಾಕಬಹುದು. ಕಾರ್ಡ್‌ಗೆ ಮೆಮೊರಿ ಸೇರಿಸಲು ಮಾತ್ರ ಆಗುವುದಿಲ್ಲ. ಐದು ವರ್ಷ ಬಳಸುವ ಆಸೆ ಇದ್ದರೆ 12 ಜಿಬಿಗಿಂತ ಕಡಿಮೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬರೀ ಹಗುರವಾದ ಸ್ಪರ್ಧಾ ಆಟಗಳನ್ನೇ ಆಡುವವರಿಗೆ 8 ಜಿಬಿ ನಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆದುಕೊಳ್ಳಬಹುದು. ನಿಮ್ಮ ಕಣ್ಣೆದುರೇ ಅರ್ಧ ಗಂಟೆ ದೊಡ್ಡ ಆಟ ಓಡಿಸಿ ತೋರಿಸಲಿ. ಫ್ಯಾನ್ ಸದ್ದು ಕೇಳಿಸಿಕೊಳ್ಳಿ, ಬಿಸಿ ಎಷ್ಟಾಗುತ್ತದೆ ನೋಡಿ. ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಉಳಿದವು

ರ‍್ಯಾಮ್ ಒಂದೇ ಕಡ್ಡಿ ಬೇಡ, ಜೋಡಿ ತಗೊಳ್ಳಿ. ಎರಡಿದ್ದರೆ ಪ್ರೊಸೆಸರ್‌ಗೆ ಎರಡು ದಾರಿ ಸಿಗುತ್ತದೆ. ಬಾಳಿಕೆಗೆ 16 ಜಿಬಿಯ ಎರಡು ಒಳ್ಳೆಯದು, ಆಗದಿದ್ದರೆ 8ರ ಎರಡು. ನಾಲ್ಕು ಗೂಡುಗಳಿರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೇ ಮತ್ತು ನಾಲ್ಕನೇ ಗೂಡಿಗೆ ಹಾಕಬೇಕು. ಆಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿ. ಇಲ್ಲದಿದ್ದರೆ ನೀವು ದುಡ್ಡು ಕೊಟ್ಟ ವೇಗದಲ್ಲಿ ರ‍್ಯಾಮ್ ಓಡುವುದೇ ಇಲ್ಲ. ವರ್ಷಗಟ್ಟಲೆ ಇದನ್ನು ಗಮನಿಸದೆ ಆಡಿದವರನ್ನು ನೋಡಿದ್ದೇನೆ, ಪಾಪ ಅನ್ನಿಸುತ್ತದೆ.

ಎಸ್‌ಎಸ್‌ಡಿಯಲ್ಲಿ ಉಳಿತಾಯ ಮಾಡಬಹುದು. ಸೆಕೆಂಡಿಗೆ 3,500 ಎಂಬಿ ಓದುವುದಕ್ಕೂ 7,000 ಎಂಬಿ ಓದುವುದಕ್ಕೂ ಆಟ ತೆರೆಯುವಾಗ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. 1 ಟಿಬಿಯ ಎನ್‌ವಿಎಂಇ (ವೇಗದ ಸಂಪರ್ಕದ ಎಸ್‌ಎಸ್‌ಡಿ), ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಯುವ) ಮೆಮೊರಿ, 5 ವರ್ಷ ವಾರಂಟಿ ಇದ್ದರೆ ಸಾಕು. ಎಂ.2 ಅನ್ನುವುದು ಆಕಾರದ ಹೆಸರು ಅಷ್ಟೇ. ಒಳಗೆ ಸಾಟಾ ಎಂಬ ಹಳೇ ಸಂಪರ್ಕ ಇದ್ದರೆ ವೇಗ ಸುಮಾರು 550 ಎಂಬಿಗೇ ನಿಲ್ಲುತ್ತದೆ. ಕೊಳ್ಳುವ ಮೊದಲು ಓದಿ ನೋಡಿ.

ಕೂಲರ್ ಗಾಳಿಯದ್ದೇ ಇರಲಿ. ಅದರಲ್ಲಿ ತಿರುಗುವುದು ಫ್ಯಾನ್ ಒಂದೇ, ಕೆಟ್ಟರೆ ಫ್ಯಾನ್ ಮಾತ್ರ ಬದಲಿಸಿದರಾಯಿತು. ನೀರಿನ ಕೂಲರ್‌ನಲ್ಲಿ ಪಂಪ್ ಇದೆ, ವರ್ಷ ಕಳೆದಂತೆ ಕೊಳವೆಯ ಮೂಲಕ ದ್ರವವೂ ನಿಧಾನವಾಗಿ ಕಡಿಮೆಯಾಗುತ್ತದೆ. ಕ್ಯಾಬಿನೆಟ್‌ನ ಮುಂಭಾಗ ಗಾಜಿನದ್ದು ಬೇಡ, ಜಾಲರಿಯದ್ದಿರಲಿ. ತೊಳೆಯಬಹುದಾದ ಧೂಳಿನ ಫಿಲ್ಟರ್ ಇರಲಿ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರ್‌ನ ಆಯಸ್ಸು ಅರ್ಧ ಎನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೇ ಅಂದಾಜು. ಗಾಳಿ ಚೆನ್ನಾಗಿ ಓಡಾಡುವ ಡಬ್ಬಿ ಒಳಗಿನ ಎಲ್ಲವನ್ನೂ ಕಾಯುತ್ತದೆ.

ಜೋಡಿಸಿದ ಮೇಲೆ ಮೊದಲ ವಾರ ಸುಮ್ನೆ ಬಿಡಬೇಡಿ. ಒಂದು ರಾತ್ರಿ ಮೆಮ್‌ಟೆಸ್ಟ್86 ಹಾಕಿ ರ‍್ಯಾಮ್ ಪರೀಕ್ಷಿಸಿ. ನಿಮ್ಮಲ್ಲಿರುವ ಅತಿ ಭಾರದ ಆಟವನ್ನು ಎರಡು ಗಂಟೆ ಬಿಡದೆ ಓಡಿಸಿ. ದೋಷ ಇದ್ದರೆ ವಾಪಸ್ ಕೊಡುವ ಅವಧಿಯೊಳಗೇ ಹೊರಬೀಳಲಿ. ಬಿಲ್‌ಗಳನ್ನೂ ಎಸ್‌ಎಂಪಿಎಸ್ ಜೊತೆ ಬಂದ ಮಿಕ್ಕ ಕೇಬಲ್‌ಗಳನ್ನೂ ಒಂದೇ ಚೀಲದಲ್ಲಿ ಹಾಕಿ, ಮೇಲೆ ಎಸ್‌ಎಂಪಿಎಸ್ ಹೆಸರು ಬರೆದಿಡಿ.